ಊದುವವನ ಎದೆಯ ಚರಿತ್ರೆ

ಎಂಜಲಿನ ಬಗ್ಗೆ ನಮ್ಮ ಸಮಾಜಕ್ಕೆ ಇರುವಷ್ಟು ಮಡಿ ಬೇರಾವುದರ ಬಗ್ಗೆಯೂ ಇಲ್ಲವೇನೋ. ಒಬ್ಬರು ಕಚ್ಚಿ ಕುಡಿದ ಲೋಟವನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಆದರೆ ತುಟಿಗಿಟ್ಟು ಊದುವ ಓಲಗವಿಲ್ಲದೆ ಮದುವೆ ನಡೆಯುವುದೂ ಇಲ್ಲ. ಊದುವ ಕಸುಬನ್ನು ಕೆಲವು ಸಮುದಾಯಗಳಿಗೆ ಬಿಟ್ಟು, ನಾದವನ್ನಷ್ಟೇ ನಾವು ಸ್ವೀಕರಿಸಿದೆವು. ಊದುವವನ ಎದೆಯೊಳಗೆ ಏನಾಗುತ್ತಿದೆ ಎಂದು ಕೇಳಿದವರು ವಿರಳ.

ಹಾಗೆ ಕೇಳಿದ ಹಳೆಯ ವೈದ್ಯರಲ್ಲಿ ಇಟಲಿಯ ಬರ್ನಾರ್ಡಿನೊ ರಾಮಝೀನಿ (1633-1714) ಒಬ್ಬರು. ಮೊಡೇನಾ ನಗರದ ತಮ್ಮ ಮನೆಯ ಮಲದ ಗುಂಡಿಯನ್ನು ಬರಿದು ಮಾಡುತ್ತಿದ್ದ ಕೂಲಿಯಾಳು ವಿಪರೀತ ಅವಸರ ಪಡುವುದನ್ನು ಕಂಡು ಅವರು ಕಾರಣ ವಿಚಾರಿಸಿದರು. ಹೆಚ್ಚು ಹೊತ್ತು ಒಳಗಿದ್ದರೆ ಕಣ್ಣೇ ಹೋಗುತ್ತದೆ ಎಂದನಂತೆ ಆತ. 1700ರಲ್ಲಿ ಪ್ರಕಟವಾದ ಕಸುಬುದಾರರ ರೋಗಗಳ ಕುರಿತ ಅವರ ಗ್ರಂಥದ ಬೀಜ ಆ ಮಾತಿನಲ್ಲಿದೆ. ರೋಗಿಯನ್ನು ವಿಚಾರಿಸುವಾಗ 'ನಿನ್ನ ಕಸುಬೇನು?' ಎಂದೂ ಕೇಳಬೇಕೆಂದು ವೈದ್ಯರಿಗೆ ಹೇಳಿಕೊಟ್ಟವರು ಅವರೇ. ಹಾಡುವವರ, ಊದುವವರ ಕಷ್ಟಗಳನ್ನೂ ಅವರು ಬರೆದರು. ಆದರೆ ಅವರ ಗಮನವಿದ್ದುದು ಬಲವಾಗಿ ಊದುವುದರಿಂದ ದೇಹಕ್ಕಾಗುವ ಒತ್ತಡದ ಮೇಲೆ. ಕೊಳವೆಯೊಳಗೆ ಬೆಳೆಯುವ ಬೂಷ್ಟು ವೈದ್ಯರ ಕಣ್ಣಿಗೆ ಬೀಳಲು ಮುನ್ನೂರು ವರ್ಷ ಬೇಕಾಯಿತು.

2010ರಲ್ಲಿ ಅಮೆರಿಕದ ವೈದ್ಯರು ಟ್ರೊಂಬೋನ್ ವಾದಕರೊಬ್ಬರ ವಿಷಯ ಪ್ರಕಟಿಸಿದರು. ಹದಿನೈದು ವರ್ಷಗಳಿಂದ ಬಿಡದ ಕೆಮ್ಮು. ವಾದ್ಯವನ್ನು ಸರಿಯಾಗಿ ಶುಚಿಗೊಳಿಸತೊಡಗಿದ ಮೇಲೆ ಅದು ವಾಸಿಯಾಯಿತು!

ಇಂಗ್ಲೆಂಡಿನ ಮ್ಯಾಂಚೆಸ್ಟರಿನ ರೋಗಿಗೆ ಆ ಅದೃಷ್ಟ ಇರಲಿಲ್ಲ. ವಯಸ್ಸು 61, ಧೂಮಪಾನವಿಲ್ಲ, ಮನೆಯಲ್ಲಿ ಪಾರಿವಾಳಗಳಿಲ್ಲ. ಆದರೂ ಏಳು ವರ್ಷಗಳಿಂದ ಒಣಕೆಮ್ಮು, ಏರುತ್ತಲೇ ಇದ್ದ ಏದುಸಿರು. 2011ರಲ್ಲಿ ಮೂರು ತಿಂಗಳು ಆಸ್ಟ್ರೇಲಿಯಕ್ಕೆ ಹೋದಾಗ ಮಾತ್ರ ಚೇತರಿಸಿಕೊಂಡು, ಕಡಲತೀರದಲ್ಲಿ 10 ಕಿಲೋಮೀಟರ್ ನಡೆಯಬಲ್ಲವರಾದರು. ದಿನವೂ ಊದುತ್ತಿದ್ದ ಬ್ಯಾಗ್‌ಪೈಪ್ ಆಗ ಮನೆಯಲ್ಲೇ ಉಳಿದಿತ್ತು. 2014ರಲ್ಲಿ ಅವರು ಆಸ್ಪತ್ರೆ ಸೇರಿದ ಮೇಲೆ ವೈದ್ಯರು ವಾದ್ಯದ ಚೀಲ, ಕೊಳವೆಗಳನ್ನು ಪರೀಕ್ಷಿಸಿದಾಗ ಹಲವು ಬಗೆಯ ಶಿಲೀಂಧ್ರಗಳು ಸಿಕ್ಕವು. ಅಷ್ಟರಲ್ಲಿ ಹೊತ್ತು ಮೀರಿತ್ತು. ರೋಗಿ ಅದೇ ವರ್ಷ ತೀರಿಕೊಂಡರು. 2016ರಲ್ಲಿ 'ಥೊರಾಕ್ಸ್' ಪತ್ರಿಕೆಯಲ್ಲಿ ಇದನ್ನು ವರದಿ ಮಾಡಿದ ವೈದ್ಯರು ಶೀರ್ಷಿಕೆಗೆ ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಿದ್ದರು. ವಾದ್ಯವೇ ಕಾರಣವೆಂದು ಖಚಿತವಾಗಿ ಸಾಧಿಸುವುದು ಕಷ್ಟ.

ಇದು ಅಂಟುರೋಗವಲ್ಲ. ತೇವವಾದ ಚೀಲದಲ್ಲಿ ಬೆಳೆದ ಬೂಷ್ಟಿನ ಕಣಗಳು ಉಸಿರಿನೊಂದಿಗೆ ಒಳಹೋದಾಗ ಶ್ವಾಸಕೋಶ ಅವುಗಳ ವಿರುದ್ಧ ಕೆರಳುತ್ತದೆ. ಕ್ರಮೇಣ ಅಲ್ಲಿ ಕಲೆಗಟ್ಟಿ ಗಡಸಾಗುತ್ತದೆ. ಪಾರಿವಾಳ ಸಾಕುವವರಿಗೆ, ಬೂಷ್ಟು ಹಿಡಿದ ಹುಲ್ಲು ಕೆದರುವ ರೈತರಿಗೆ ಬರುವ ಕಾಯಿಲೆಯ ಬಂಧು ಇದು. ನಾವು ಪರರ ಎಂಜಲಿಗೆ ಹೆದರುತ್ತ ಬಂದೆವು. ಇಲ್ಲಿ ಕಾಡಿದ್ದು ಸ್ವಂತ ಎಂಜಲು.

ಹಾಗೆಂದು ಊದುವುದೇ ಅಪಾಯವೆಂದು ಯಾರೂ ಭಾವಿಸಬೇಕಿಲ್ಲ. ಜೀವನವಿಡೀ ಶಹನಾಯಿ ಊದಿದ ಉಸ್ತಾದ್ ಬಿಸ್ಮಿಲ್ಲಾ ಖಾನರು 2006ರಲ್ಲಿ ನಿಧನರಾದಾಗ ಅವರಿಗೆ 90 ವರ್ಷ. ಬೂಷ್ಟಿಗೆ ಬೇಕಾದುದು ತೇವ. ಊದಿದ ಕೂಡಲೇ ಬಿಚ್ಚಿ, ಒರೆಸಿ, ಗಾಳಿಗೆ ಒಣಗಿಸಿದರೆ ಅಪಾಯ ಬಹಳಷ್ಟು ತಗ್ಗುತ್ತದೆ.

ಮದುವೆಯ ಹಂಗಾಮಿನಲ್ಲಿ ಒಂದು ಊರಿಂದ ಇನ್ನೊಂದು ಊರಿಗೆ ಓಡುವ ನಮ್ಮ ಬ್ಯಾಂಡಿನವರಿಗೆ, ಓಲಗದವರಿಗೆ ಅಷ್ಟು ಪುರುಸೊತ್ತು ಎಲ್ಲಿದೆ? ಒದ್ದೆ ವಾದ್ಯ ಹಾಗೆಯೇ ಪೆಟ್ಟಿಗೆ ಸೇರುತ್ತದೆ. ಅವರಲ್ಲೊಬ್ಬ ಕೆಮ್ಮುತ್ತ ಆಸ್ಪತ್ರೆಗೆ ಬಂದಾಗ ಕ್ಷಯದ ಪರೀಕ್ಷೆ ಮಾಡಿಸುವುದು, ಬೀಡಿಯ ಬಗ್ಗೆ ಕೇಳುವುದು ಸರಿಯೇ. ಜೊತೆಗೆ ರಾಮಝೀನಿಯವರ ಪ್ರಶ್ನೆಯನ್ನೂ ಕೇಳಲಿ. ಮುಂದಿನ ಸಲ ಬರುವಾಗ ವಾದ್ಯವನ್ನೂ ತರಲು ಹೇಳಲಿ.