ತಾಂಡೂರ ಸುತ್ತಿನ ಓಟದ ಹಾದಿಗಳು

ತಾಂಡೂರಿನ ಸುತ್ತಮುತ್ತ ಈಗ ಕೋಳಿ ಕೂಗೂದಕ್ಕಿಂತ ಮೊದಲೇ ಹುಡುಗರ ಹೆಜ್ಜೆ ಸಪ್ಪಳ ಕೇಳಸ್ತದ. ಪೊಲೀಸ್ ನೌಕರಿ, ಮಿಲಿಟರಿ ನೌಕರಿ ಬೇಕು ಅನ್ನುವ ಮಕ್ಕಳು ಓಡಲಿಕ್ಕೆ ಹೊಂಟಿರುತ್ತಾರೆ. ಹೆಣ್ಣುಮಕ್ಕಳೂ ಓಡುತ್ತಾರೆ, ಅದನ್ನು ನೋಡಿದರೆ ನನಗೆ ಭಾಳ ಸಂತೋಷ. ತೆಲಂಗಾಣದ 2022ರ ಕಾನ್‌ಸ್ಟೇಬಲ್ ಭರ್ತಿಯೊಳಗ ಗಂಡುಮಕ್ಕಳಿಗೆ 1600 ಮೀಟರಿಗೆ 7 ನಿಮಿಷ 15 ಸೆಕೆಂಡು, ಹೆಣ್ಣುಮಕ್ಕಳಿಗೆ 800 ಮೀಟರಿಗೆ 5 ನಿಮಿಷ 20 ಸೆಕೆಂಡು ಎಂದು ಗೊತ್ತು ಮಾಡಿದ್ದರು. ಒಂದು ಸೆಕೆಂಡು ತಡವಾದರೂ ಮನೆಗೆ ವಾಪಸು. ನಾಕು ಎಕರೆ ತೊಗರಿ ಹೊಲದ ಮನೆಯ ಮಕ್ಕಳಿಗೆ ಆ ಸೆಕೆಂಡು ಅಂದರೆ ಜೀವನ ಇದ್ದಂಗ.

ಈ ಮಕ್ಕಳು ಓಡುವ ಹಾದಿಗಳು ಯಾವಾಗಿನವು, ಯಾರು ತುಳಿದ ಹಾದಿಗಳು ಅಂತ ಬರೆಯಬೇಕು ಎಂದು ವಾಚನಾಲಯದ ಹಿರಿಯರು ಹೇಳಿದರು. ನಾನು ಏಳನೇ ಇಯತ್ತೆ ಓದಿದ ಒಕ್ಕಲುತನದವ. ಹಂತಿ ಪದ, ತತ್ವಪದ ಹಾಡುತ್ತಾ ಭಜನಿಗೆ, ಜಾತ್ರಿಗೆ ಅಂತ ಈ ಹಾದಿ ಎಲ್ಲ ಕಾಲಲ್ಲಿ ಅಳೆದಿದ್ದೇನೆ. ಹಾಗಾಗಿ ಕಾಲಿಗೆ ಗೊತ್ತಿದ್ದದ್ದನ್ನೂ ಹಿರಿಯರಿಂದ, ಮಾಸ್ತರರಿಂದ ತಿಳಿದದ್ದನ್ನೂ ಕೂಡಿಸಿ ಬರೆಯುತ್ತೇನೆ.

ಮೊದಲು ನೆಲದ ಮಾತು. ನಮ್ಮ ಕಡಿ ಮ್ಯಾಲ ಎರಿ ಮಣ್ಣು, ಕೆಳಗ ಸುಣ್ಣದ ಕಲ್ಲು. ಪುಸ್ತಕದ ಹಾಳಿ ಜೋಡಿಸಿಟ್ಟಂಗ ಪದರು ಪದರಾಗಿ ಮಲಗಿದ ಕಲ್ಲು ಅದು. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದು, ಹಾರಿ ಹಾಕಿ ಎಬ್ಬಿಸಿದರೆ ಹಲಗೆಯಂಗ ಏಳ್ತದ. ನಾವು ಫರಸಿ ಅಂತೀವಿ, ತೆಲುಗು ಮಂದಿ ನಾಪರಾಯಿ ಅಂತಾರ, ದೂರದ ಊರವರು ಶಹಾಬಾದ ಕಲ್ಲು, ತಾಂಡೂರ ಕಲ್ಲು ಅಂತಾರ. ನೀಲಿ, ಹಳದಿ, ಬೂದಿ ಬಣ್ಣದ್ದು ಸಿಗ್ತದ. ನಮ್ಮ ಮನೆಗಳ ನೆಲ, ಮಾಡು, ಕಟ್ಟೆ, ದನದ ಗ್ವಾದಲಿ ಎಲ್ಲ ಇದರದ್ದೇ. ಈ ಕಲ್ಲಿನ ಮ್ಯಾಲಿನ ಕರಿ ಮಣ್ಣಿನಾಗ ಬೆಳೆಯುವ ತಾಂಡೂರ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಈ ನೆಲವನ್ನು ಕೊರೆದುಕೊಂಡು ಹರಿಯುವ ಹೊಳಿ ಕಾಗಿಣಾ. ತೆಲುಗಿನವರು ಕಾಗ್ನಾ ಅಂತಾರ. ತಾಂಡೂರ ದಾಟಿ ಪಡುವಣಕ್ಕ ಹೋಗಿ, ಮಳಖೇಡದ ಕೋಟಿ ಮುಟ್ಟಿ, ಶಹಾಬಾದದ ಹತ್ತಿರ ಹೊನಗುಂಟಿಯೊಳಗ ಭೀಮಾ ಕೂಡತದ.

ಮೊದಲನೇ ಹಾದಿ ಹೊಳಿ ದಂಡಿಯದು. ಬ್ಯಾಸಿಗಿಯೊಳಗ ಹುಡುಗರಿಗೆ ಇದೇ ಚಲೋ ಹಾದಿ. ತಂಪು ಗಾಳಿ, ಉಸುಕಿನಾಗ ಓಡಿದರೆ ಮೀನಖಂಡಕ್ಕ ಬಲ. ಆದರೆ ಹೊಳಿಯೊಳಗಿನ ಹಾಸುಗಲ್ಲು ಹಸಿ ಇದ್ದಾಗ ಎಣ್ಣಿ ಸವರಿದಂಗ ಜಾರತದ, ಅಲ್ಲಿ ಓಡಬಾರದು. ಈ ದಂಡಿಯ ನೀರು ಹೋಗುವ ಮಳಖೇಡ ಅಂದರೆ ಹಿಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗ 814ರಿಂದ 878ರ ತನಕ ಆಳಿದ ಅರಸು. ಕನ್ನಡಕ್ಕೆ ಸಿಕ್ಕ ಮೊದಲ ಗ್ರಂಥ ಕವಿರಾಜಮಾರ್ಗ ಅವನ ಆಸ್ಥಾನದಲ್ಲಿ ಹುಟ್ಟಿತು. ಕಾವೇರಿಯಿಂದ ಗೋದಾವರಿ ತನಕ ಕನ್ನಡ ನಾಡು ಎಂದು ಹೇಳಿದ್ದು ಅದೇ ಗ್ರಂಥ. ಅದರ ಹೆಸರಿನೊಳಗೇ ಮಾರ್ಗ ಅದ ನೋಡ್ರಿ, ಅಂದರೆ ಹಾದಿ. ನಮ್ಮೂರ ಹೊಳಿ ದಂಡಿಗೆ ನಿಂತು ಒಂದು ತೊಗರಿ ಕಟಗಿ ನೀರಿಗೆ ಬಿಟ್ಟರೆ, ಮಳಿಗಾಲದಾಗ ಅದು ಮಳಖೇಡದ ಕೋಟಿಗೇ ಹೋಗತದ. ಗಡಿಯೊಳಗಿನ ಕನ್ನಡದವರು ಯಾವ ದೂರದ ನಾಡಿನವರು ಎಂದು ಕೇಳುವವರಿಗೆ ನಾನು ಈ ನೀರನ್ನೇ ತೋರಿಸುತ್ತೇನೆ.

ಎರಡನೇ ಹಾದಿ ರೈಲಿನದು. ವಾಡಿಯಿಂದ ಸಿಕಂದರಾಬಾದ ತನಕದ ರೈಲ್ವೆ 1874ರಲ್ಲಿ ಶುರುವಾಯಿತು. ನಿಜಾಮರ ರೊಕ್ಕದಿಂದ ಹಾಕಿದ ಹಳಿ ಅದು. ತಾಂಡೂರ, ಮಂತಟ್ಟಿ, ನಾವಂದಗಿ, ಕುರಗುಂಟಾ, ಸೇಡಂ, ಹೀಂಗ ಸ್ಟೇಷನ್ನುಗಳು ಸಾಲಾಗಿ ಬರ್ತಾವ. ರೈಲು ಬಂದ ಮ್ಯಾಲ ಫರಸಿಗೆ ಬೆಲಿ ಬಂತು, ಊರೂರಿಗೆ ಹೋಯಿತು. ನಮ್ಮಪ್ಪ ಸುಗ್ಗಿ ಮುಗಿದ ಮ್ಯಾಲ ಬಂಡಿಯೊಳಗ ಫರಸಿ ಹೇರಿಕೊಂಡು ಸ್ಟೇಷನ್ನಿಗೆ ಹೊಡೆಯುತ್ತಿದ್ದ. ಖಣಿಯಿಂದ ಸ್ಟೇಷನ್ನಿಗೆ ಬಂಡಿಗಳು ಹೋಗಿ ಹೋಗಿ ಗಾಲಿಯ ಗೆರಿ ಕಲ್ಲಿನೊಳಗೇ ಮೂಡಿದ್ದವು. ಆ ಬಂಡಿ ದಾರಿಗಳೇ ಇವತ್ತಿನ ಓಟದ ಹಾದಿಗಳು. ಹಳಿಯ ಪಕ್ಕದ ಕಾಲುದಾರಿ ಮಾತ್ರ ಈಗ ಓಟಕ್ಕ ಬ್ಯಾಡ. ರೈಲು ಹೆಚ್ಚಾಗ್ಯಾವ, ಮಕ್ಕಳು ಕಿವಿಯೊಳಗ ಹಾಡು ಹಾಕಿಕೊಂಡು ಓಡತಾವ.

ಮೂರನೇದು ಜಾತ್ರಿ ಹಾದಿ. ತಾಂಡೂರಿನ ಭಾವಿಗಿ ಭದ್ರೇಶ್ವರ ಜಾತ್ರಿಗೆ ಗಡಿಯ ಎರಡೂ ಕಡಿಯಿಂದ ಮಂದಿ ಬರುತ್ತಾರೆ. ಹಿಂದೆ ಹೊಲದ ಬದುವಿನ ಮ್ಯಾಲ ಸಾಲು ಹಿಡಿದು, ತಲಿ ಮ್ಯಾಲ ಬುತ್ತಿ, ಬಾಯಾಗ ಪದ, ಹೀಂಗ ನಡಕೋತ ಬರುತ್ತಿದ್ದರು. ಒಂದು ಊರಿಂದ ಇನ್ನೊಂದು ಊರಿಗೆ ಎಷ್ಟು ದೂರ ಅಂದರೆ ಎರಡು ಪದದ ದೂರ, ಮೂರು ಪದದ ದೂರ ಅಂತ ಹೇಳುವ ವಾಡಿಕೆ ನಮ್ಮ ಮನೆಯೊಳಗ ಇತ್ತು. ಈ ಹಾದಿ ಎರಿ ಹೊಲದ ನಡುವೆ ಹೋಗುವುದರಿಂದ ಮಳಿ ಆದ ಮರುದಿನ ಓಡಲಿಕ್ಕೆ ಆಗೂದಿಲ್ಲ. ಬೂಟಿಗೆ ಸೇರುಗಟ್ಟಲೆ ಮಣ್ಣು ಹತ್ತತದ. ಒಣಗಿದಾಗ ಮಾತ್ರ ಇದರಂಥ ಮೆತ್ತನೆಯ ಹಾದಿ ಇಲ್ಲ, ಮೊಳಕಾಲಿಗೆ ಪೆಟ್ಟಿಲ್ಲ.

ನಾಕನೇದು ಗಡಿ ಹಾದಿ. ಇದರ ಕಥಿ ಸ್ವಲ್ಪ ಉದ್ದ ಅದ. ತಾಂಡೂರ ತಾಲ್ಲೂಕು, ಕೊಡಂಗಲ್ ತಾಲ್ಲೂಕು ಎರಡೂ ಮೊದಲು ಗುಲಬರ್ಗಾ ಜಿಲ್ಲೆಯೊಳಗ ಇದ್ದವು. 1956ರ ನವೆಂಬರ್ 1ಕ್ಕೆ ರಾಜ್ಯಗಳನ್ನು ಭಾಷೆಯ ಮೇಲೆ ಹಂಚಿದಾಗ ಗುಲಬರ್ಗಾ ಮೈಸೂರಿಗೆ ಹೋಯಿತು, ಈ ಎರಡು ತಾಲ್ಲೂಕು ಮಾತ್ರ ಆಂಧ್ರಕ್ಕೆ ಬಂದವು. ತಾಂಡೂರ ಹೈದರಾಬಾದ ಜಿಲ್ಲೆಗೆ ಸೇರಿತು, ಆಮ್ಯಾಲ 1978ರಲ್ಲಿ ರಂಗಾರೆಡ್ಡಿ ಜಿಲ್ಲೆ ಆಯಿತು, 2014ರಲ್ಲಿ ತೆಲಂಗಾಣ ಆಯಿತು, 2016ರಲ್ಲಿ ವಿಕಾರಾಬಾದ ಜಿಲ್ಲೆ ಆಯಿತು. ನಮ್ಮಜ್ಜಿ ಹುಟ್ಟಿದ್ದು ನಿಜಾಮರ ಕಾಲಕ್ಕೆ. ಕುಂತ ಕಟ್ಟಿ ಬಿಟ್ಟು ಎದ್ದಿದ್ದಿಲ್ಲ, ಆಕಿಯ ಸರಕಾರ ಮಾತ್ರ ಬದಲಾಗುತ್ತಾ ಹೋಯಿತು.

ನಾವಂದಗಿ ಸ್ಟೇಷನ್ ಈ ರಾಜ್ಯದಾಗ, ಮುಂದಿನ ಕುರಗುಂಟಾ ಆ ರಾಜ್ಯದಾಗ. ನಡುವೆ ಹೊಲ, ಹಳ್ಳ, ಬನ್ನಿ ಗಿಡ. ಹಾದಿಗೆ ಗಡಿ ಗೊತ್ತಿರಲಿಲ್ಲ. ಹೆಣ್ಣು ಕೊಡೂದು ತರೂದು, ಎತ್ತು ಮಾರೂದು, ಬೀಜ ಕೇಳೂದು ಎಲ್ಲ ಆ ಕಾಲುದಾರಿಯ ಮ್ಯಾಲೇ ನಡೀತು. ನಾನು ಕನ್ನಡ ಓದಿದ್ದೂ ಆ ಹಾದಿಯಿಂದಲೇ. ನಮ್ಮವ್ವನ ತವರು ಮನಿ ಗಡಿಯ ಆ ಕಡಿ. ಅಲ್ಲಿಯ ಸಾಲಿಗೆ ನನ್ನನ್ನು ಹಾಕಿದರು. ಸೋಮವಾರ ಮುಂಜಾನೆ ರೊಟ್ಟಿ ಗಂಟು ಕಟ್ಟಿಕೊಂಡು ಓಡುತ್ತಿದ್ದೆ, ಶನಿವಾರ ಮಧ್ಯಾಹ್ನ ಓಡುತ್ತಾ ತಿರುಗಿ ಬರುತ್ತಿದ್ದೆ. ಆ ಹಾದಿ ಇರದಿದ್ದರೆ ಇವತ್ತು ಈ ಅಕ್ಷರ ನನ್ನ ಕೈಯಾಗ ಬರುತ್ತಿರಲಿಲ್ಲ. ಎಷ್ಟೋ ಮನೆಯೊಳಗ ಕನ್ನಡ ಉಳಿದದ್ದು ಹೀಂಗ ಸೊಸೆಯಂದಿರ ಜೊತಿ, ಹಾಡಿನ ಮೇಳದ ಜೊತಿ ನಡೆದು ಬಂದು. ನಮ್ಮ ಕಡಿ ಭಾಷೆ ಉಳಿಯಬೇಕು ಅಂದರೆ ಮೊದಲು ಹಾದಿ ಉಳಿಯಬೇಕು ಎಂದು ನಾನು ಹೇಳುವುದು ಇದಕ್ಕೇ.

ಈಗ ಈ ನಾಕೂ ಹಾದಿಗೆ ಏನಾಗುತ್ತಾ ಇದೆ ಕೇಳ್ರಿ. ಹಿಂದೆ ಖಣಿ ಅಂದರೆ ಕೈ ಕೆಲಸ. ಐದಾರು ಮಂದಿ ಸೇರಿ ಮ್ಯಾಲಿನ ಪದರು ಎಬ್ಬಿಸುತ್ತಿದ್ದರು. ಆಮ್ಯಾಲ ಮಷಿನ್ ಬಂದವು, ಕರಣಕೋಟೆಯ ಸಿಮೆಂಟ್ ಕಾರ್ಪೊರೇಷನ್ನಿನಂಥ ಕಾರ್ಖಾನೆಗಳು ಬಂದವು. ಸಿಮೆಂಟಿಗೆ ಬೇಕಾದದ್ದು ಇದೇ ಸುಣ್ಣದ ಕಲ್ಲು. ಸಾವಿರಾರು ಮನೆಗೆ ಇದರಿಂದ ಅನ್ನ ಸಿಕ್ಕಿದೆ, ನಮ್ಮ ಮನೆಯವರೂ ಖಣಿಗೆ ಕೂಲಿಗೆ ಹೋದವರೇ. ಕಲ್ಲು ತೆಗೀಬ್ಯಾಡ್ರಿ ಅನ್ನುವ ಮಾತು ನನ್ನದಲ್ಲ. ಆದರೆ ಕಲ್ಲು ತೆಗೆದ ಮ್ಯಾಲ ತಗ್ಗು ಹಂಗೇ ಬಿಡುತ್ತಾರೆ. ರದ್ದಿ ಕಲ್ಲಿನ ಗುಡ್ಡ ಒಂದು ಕಡಿ, ನೀರು ನಿಂತ ಹೊಂಡ ಒಂದು ಕಡಿ. ನಡುವೆ ಇದ್ದ ಬಂಡಿ ದಾರಿ ಎಲ್ಲಿ ಹೋಯಿತು ಎಂದು ಕೇಳುವವರೇ ಇಲ್ಲ. ನನ್ನ ಹೊಲಕ್ಕೆ ಹೋಗುವ ಹಾದಿಯನ್ನೂ ಖಣಿಯವರೊಬ್ಬರು ಹೀಂಗೇ ಅಗೆದರು. ಅಜ್ಜನ ಕಾಲದ ದಾರಿ, ಒಂದು ವಾರದಾಗ ತೆಂಗಿನ ಗಿಡದಷ್ಟು ಆಳದ ತಗ್ಗು ಆಯಿತು. ಈಗ ಅರ್ಧ ತಾಸು ಸುತ್ತುಹಾಕಿ ಹೊಲ ಮುಟ್ಟುತ್ತೇನೆ.

ಕಾಲುದಾರಿ ಹೋದ ಮ್ಯಾಲ ಮಕ್ಕಳು ಡಾಂಬರು ರಸ್ತೆಗೆ ಬಂದರು. ಆ ರಸ್ತೆ ಫರಸಿ ಲಾರಿ, ಸಿಮೆಂಟ್ ಲಾರಿಗಳದ್ದು. ಮುಂಜಾನೆಯ ಕತ್ತಲಾಗ, ಬಿಳಿ ಧೂಳಿನಾಗ, ದೀಪ ಇಲ್ಲದ ದಂಡಿಗೆ ಮಕ್ಕಳು ಓಡುತ್ತಾರೆ. ಧೂಳು ಕುಡಿದು ಎದಿ ಗಟ್ಟಿ ಆಗೂದು ಹ್ಯಾಂಗ? ನಮ್ಮ ಓಣಿಯ ಒಬ್ಬ ಹುಡುಗಿ ಅವ್ವನನ್ನು ಹಿಂದ ಸೈಕಲ್ಲಿನ ಮ್ಯಾಲ ಕರಕೊಂಡು ಓಡುತ್ತಾಳ, ಅವ್ವನ ಕೈಯಾಗ ಬ್ಯಾಟರಿ. ಜಾತ್ರಿ ಹಾದಿ ಚಂದಾಗಿ ಇದ್ದಿದ್ದರೆ ಆ ತಾಯಿಗೆ ನಿದ್ದಿಯಾದರೂ ಇರುತ್ತಿತ್ತು.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಹಳೆಯ ಸರ್ವೆ ನಕ್ಷೆಯೊಳಗ ಬಂಡಿ ದಾರಿ, ಕಾಲುದಾರಿಗಳನ್ನು ಚುಕ್ಕಿ ಗೆರಿಯಿಂದ ತೋರಿಸಿರುತ್ತಾರೆ. ನಮ್ಮ ಮಂದಿ ಇವತ್ತಿಗೂ ಅದನ್ನು ನಕ್ಷಾ ದಾರಿ ಅಂತಾರ. ತಹಸೀಲ್ ಕಚೇರಿಯಿಂದ ಊರಿನ ನಕ್ಷೆಯ ನಕಲು ತಂದು ವಾಚನಾಲಯದ ಗೋಡೆಗೆ ಹಚ್ಚೋಣ. ಮಾಸ್ತರರು ಮಕ್ಕಳನ್ನು ಕರಕೊಂಡು ಒಂದೊಂದು ಗೆರಿಯನ್ನೂ ನಡೆದು ನೋಡಲಿ. ಯಾವುದು ಉಳಿದದ, ಯಾವುದು ತಗ್ಗಿನಾಗ ಹೋಗ್ಯದ, ಯಾವುದನ್ನು ಬದುವಿನೊಳಗ ಸೇರಿಸಿಕೊಂಡಾರ ಎಂದು ಬರೆದಿಡಲಿ. ಗ್ರಾಮ ಪಂಚಾಯಿತಿಯೊಳಗ ಠರಾವು ಮಾಡಿಸೋಣ. ಹೊಸ ಖಣಿಗೆ ಅಳತಿ ಮಾಡುವಾಗ ಆ ನಕ್ಷೆ ಮುಂದಿಡೋಣ. ಬದುವಿನ ಒತ್ತುವರಿಯೊಳಗ ನಾವು ಒಕ್ಕಲಿಗರೂ ಇದ್ದೀವಿ, ಒಂದೆರಡು ಮೊಳ ಬಿಟ್ಟುಕೊಟ್ಟರೆ ತೊಗರಿ ಕಡಿಮಿ ಆಗೂದಿಲ್ಲ.

ಹಾದಿ ಉಳಿಯೂದು ತುಳಿದರೆ. ಒಂದು ಮಳಿಗಾಲ ಯಾರೂ ನಡೆಯದಿದ್ದರೆ ಜಾಲಿ ಬೆಳೀತದ, ಎರಡನೇ ಮಳಿಗಾಲಕ್ಕ ಯಾರೋ ನೇಗಿಲು ಹೊಡೀತಾರ, ಮೂರನೇದಕ್ಕ ಅಲ್ಲಿ ಹಾದಿ ಇತ್ತು ಅಂದರೆ ಯಾರೂ ನಂಬೂದಿಲ್ಲ. ಇವತ್ತು ಈ ಹಾದಿಗಳನ್ನು ದಿನಾ ತುಳಿಯುವವರು ಓಡುವ ಮಕ್ಕಳು ಮಾತ್ರ. ನೌಕರಿಗೆ ಅಂತ ಓಡಿದರೂ ಅವರು ನಮ್ಮೆಲ್ಲರ ಕೆಲಸ ಮಾಡುತ್ತಾ ಇದ್ದಾರೆ. ಬರುವ ಬನ್ನಿ ಹಬ್ಬದೊಳಗ ಜಾತ್ರಿ ಹಾದಿಯ ಜಾಲಿ ಕಡಿಯಲಿಕ್ಕೆ ಕುಡಗೋಲು, ಕೊಡ್ಲಿ ತಗೊಂಡು ಬರ್ರಿ. ಪದ ಹಾಡಲಿಕ್ಕೆ ನಾನು ಇದ್ದೇನೆ.