25 ಕಿಲೋಮೀಟರ್ ದಾರಿಯ ಚರಿತ್ರೆ

ದಮ್ಮಾಮ್, ಖೋಬರ್, ಜುಬೈಲ್ ಕಡೆಯ ನಮಗೆ ಬಹರೈನ್ ಎಂದರೆ ‘ಸೇತುವೆಯ ಆಚೆ’. ಕಿಂಗ್ ಫಹದ್ ಕಾಸ್‌ವೇಯ ಉದ್ದ 25 ಕಿಲೋಮೀಟರ್, ಹೆಚ್ಚುಕಡಿಮೆ ಮಂಗಳೂರಿನಿಂದ ಬಿ.ಸಿ.ರೋಡಿಗೆ ಇರುವಷ್ಟು. ನಡುವೆ ಸಮುದ್ರ ತುಂಬಿಸಿ ಮಾಡಿದ ದ್ವೀಪ, ಅದರ ಮೇಲೆ ಎರಡು ದೇಶಗಳ ಗಡಿ ಕಚೇರಿಗಳು. ಗಾಡಿ ಓಡುವುದು ಅರ್ಧ ಗಂಟೆ. ವಾರಾಂತ್ಯದಲ್ಲಿ ಸಾಲಿನಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂದು ಮಾತ್ರ ಯಾರೂ ಹೇಳಲಾರರು.

ಸೇತುವೆ ಇಲ್ಲದ ಕಾಲದಲ್ಲಿ ಆಚೆ ಹೋಗಲು ದೋಣಿ ಅಥವಾ ವಿಮಾನವೇ ಗತಿ. ಕೆಲವು ವಿಷಯಗಳಲ್ಲಿ ಬಹರೈನಿಗೆ ಆಗ ಪಕ್ಕದ ಸೌದಿಗಿಂತ ನಮ್ಮ ಬೊಂಬಾಯಿಯೇ ಹತ್ತಿರ. 1965ರವರೆಗೆ ಅಲ್ಲಿ ರೂಪಾಯಿ ಚಲಾವಣೆಯಲ್ಲಿತ್ತು. 1959ರಿಂದ ನಮ್ಮ ರಿಸರ್ವ್ ಬ್ಯಾಂಕ್ ಇದಕ್ಕೆಂದೇ ‘ಗಲ್ಫ್ ರೂಪಾಯಿ’ ಮುದ್ರಿಸುತ್ತಿತ್ತು. ದಿನಾರ್ ಬಂದಾಗ ಹತ್ತು ರೂಪಾಯಿಗೆ ಒಂದು ದಿನಾರ್! ಈಗಿನ ದರ ನೆನೆದರೆ ನಗಬೇಕೋ ಅಳಬೇಕೋ ತಿಳಿಯದು. ಗಾಡಿಗಳೂ ನಮ್ಮೂರಿನಂತೆ ರಸ್ತೆಯ ಎಡಕ್ಕೇ ಓಡುತ್ತಿದ್ದವು. 1967ರಲ್ಲಿ ಬಲಕ್ಕೆ ಬದಲಾದವು.

1981ರ ಜುಲೈಯಲ್ಲಿ ಎರಡು ದೇಶಗಳೂ ಒಪ್ಪಂದಕ್ಕೆ ಸಹಿ ಹಾಕಿದವು. ಹಣ ಕೊಟ್ಟಿದ್ದು ಸೌದಿ, ಕಟ್ಟಿದ್ದು ಹಾಲೆಂಡಿನ ಬಲಾಸ್ಟ್ ನೆಡಾಮ್ ಕಂಪನಿ. 1986ರ ನವೆಂಬರಿನಲ್ಲಿ ದಾರಿ ತೆರೆಯಿತು.

ದಾರಿ ತೆರೆದಿದೆ ಎಂದ ಮಾತ್ರಕ್ಕೆ ಎಲ್ಲರಿಗೂ ತೆರೆದಿದೆ ಎಂದಲ್ಲ. ನಮ್ಮಂಥವರಿಗೆ ಎಕ್ಸಿಟ್ ರೀ-ಎಂಟ್ರಿ ಬೇಕು, ಆಚೆಯ ವೀಸಾ ಬೇಕು. ಇದು ಎಲ್ಲಕ್ಕಿಂತ ಹೆಚ್ಚು ತಿಳಿದದ್ದು ಕೊರೊನಾ ಕಾಲದಲ್ಲಿ. 2020ರ ಮಾರ್ಚಿನಲ್ಲಿ ಪ್ರಯಾಣಿಕರಿಗೆ ಸೇತುವೆ ಮುಚ್ಚಿತು, ಸರಕಿನ ಲಾರಿಗಳಷ್ಟೇ ಓಡಿದವು. ಮುಂದೆ 2021ರಲ್ಲಿ ಭಾರತದಿಂದ ಸೌದಿಗೆ ನೇರ ಪ್ರವೇಶವಿಲ್ಲದಾಗ, ರಜೆಗೆ ಹೋದವರು ಬೇರೆ ದೇಶದಲ್ಲಿ 14 ದಿನ ಇದ್ದು ಬರಬೇಕಾಯಿತು. ಅನೇಕರು ಬಹರೈನನ್ನು ಆರಿಸಿಕೊಂಡರು. ಇನ್ನೇನು ಸೇತುವೆ ದಾಟುವುದೊಂದೇ ಬಾಕಿ ಎನ್ನುವಾಗ, ಆ ಮೇ ತಿಂಗಳಲ್ಲಿ, ಸೌದಿ ಒಪ್ಪಿದ ಲಸಿಕೆ ಪಡೆದವರಿಗೆ ಮಾತ್ರ ಪ್ರವೇಶ ಎಂಬ ನಿಯಮ ಬಂತು.

ಸೌದಿ ಪಟ್ಟಿಯಲ್ಲಿ ಇದ್ದದ್ದು ಫೈಜರ್, ಆಸ್ಟ್ರಾಜೆನೆಕಾ, ಮಾಡರ್ನಾ, ಜಾನ್ಸನ್. ನಮ್ಮವರ ಕೈಯಲ್ಲಿದ್ದ ಸರ್ಟಿಫಿಕೇಟಿನಲ್ಲಿ ‘ಕೋವಿಶೀಲ್ಡ್’. ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡುವ ನಮಗೆ ಇದು ದಿನನಿತ್ಯದ ಪಾಠ. ಊರಿನ ಕ್ರೋಸಿನ್, ಇಲ್ಲಿನ ಪನಡಾಲ್, ಎರಡರಲ್ಲೂ ಇರುವುದು ಪ್ಯಾರಾಸಿಟಮಾಲ್. ಹಾಗೆಯೇ ಕೋವಿಶೀಲ್ಡ್ ಎಂದರೆ ಆಸ್ಟ್ರಾಜೆನೆಕಾದ ಲಸಿಕೆಯೇ, ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ್ದು. ಗಡಿಯ ಕೌಂಟರಿನಲ್ಲಿ ನೋಡುವುದು ಶೀಶೆಯೊಳಗಿನದನ್ನಲ್ಲ, ಕಾಗದದ ಮೇಲಿನ ಹೆಸರನ್ನು. ಕೊನೆಗೆ ಎರಡೂ ಒಂದೇ ಎಂದು ಸೌದಿ ಒಪ್ಪಿಕೊಂಡಿತು.

ಕೋವ್ಯಾಕ್ಸಿನ್ ಹಾಕಿಸಿಕೊಂಡವರಿಗೆ ಆ ಬಾಗಿಲೂ ಇರಲಿಲ್ಲ. ಅದು ಬೇರೆಯದೇ ಲಸಿಕೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತನ್ನ ಪಟ್ಟಿಗೆ ಸೇರಿಸಿದ್ದು 2021ರ ನವೆಂಬರ್ 3ರಂದು. ಊರಿನ ಆರೋಗ್ಯ ಕೇಂದ್ರದಲ್ಲಿ ಅಂದು ಯಾವುದು ಬಂದಿತ್ತೋ ಅದಕ್ಕೆ ತೋಳು ಕೊಟ್ಟವರು ಅವರು. ಸಂಬಳವಿಲ್ಲದೆ, ಇಕಾಮಾದ ತಾರೀಖು ಎಣಿಸುತ್ತಾ ಊರಿನಲ್ಲೇ ಕುಳಿತ ಅಂಥವರು ನಮ್ಮೆಲ್ಲರ ಪರಿಚಯದಲ್ಲೂ ಇದ್ದಾರೆ. ಸೇತುವೆಯ ಚರಿತ್ರೆಯಲ್ಲಿ ರಾಜರ ಹೆಸರಿದೆ, ಕಂಪನಿಯ ಹೆಸರಿದೆ. ಇವರ ಸಂಗತಿ ನಮ್ಮ ಸಂಚಿಕೆಯಲ್ಲಾದರೂ ಇರಲಿ ಎಂದು ಇಷ್ಟು ಬರೆದೆವು.