ಕೊಕ್ರೇನ್ ಕುದುರೆ

ನಾಸಿಕ್‌ನ ಬಾಡಿಗೆ ಮನೆಯಲ್ಲಿ ರಾತ್ರಿ ಮೂರು ನಿಮಿಷದ ಬ್ಲಿಟ್ಜ್ ಆಡುವಾಗ, ಎದುರಾಳಿ ಪೆಟ್ರಾಫ್ ರಕ್ಷಣೆ ಹಿಡಿದರೆ ನಾಲ್ಕನೆಯ ನಡೆಗೇ ನನ್ನ ಕುದುರೆಯನ್ನು ಅವನ ರಾಜನ ಮಗ್ಗುಲಿನ ಕಾಲಾಳಿನ ಮೇಲೆ ಹಾರಿಸುತ್ತೇನೆ. ಕುದುರೆ ಹೋಗುತ್ತದೆ. ಬದಲಿಗೆ ಎರಡು ಕಾಲಾಳು, ಮತ್ತು ಕೋಟೆ ಕಟ್ಟಲಾಗದೆ ಬಯಲಿಗೆ ಬಂದ ರಾಜ. ಕಂಪ್ಯೂಟರ್ ಲೆಕ್ಕದಲ್ಲಿ ನಷ್ಟದ ವ್ಯವಹಾರ. ಆದರೆ ಗಡಿಯಾರ ಓಡುತ್ತಿರುವಾಗ ಸರಿಯುತ್ತರ ಹುಡುಕುವ ಹೊರೆ ಎದುರಾಳಿಯದು. ಇದೇ ಊರಿನ ವಿದಿತ್ ಗುಜರಾತಿ 2024ರಲ್ಲಿ ಟೊರಾಂಟೊದಲ್ಲಿ ನಕಮುರಾಗೆ ಒಂಟೆ ಕೊಟ್ಟು ಗೆದ್ದದ್ದು ಬೇರೆ ಮಾತು, ಅದರ ಹಿಂದೆ ಲೆಕ್ಕವಿತ್ತು. ಹಾಗೆಂದು ನನ್ನದು ಪೂರಾ ಹುಚ್ಚಾಟವೂ ಅಲ್ಲ: 1999ರಲ್ಲಿ ಲಿನಾರೆಸ್‌ನಲ್ಲಿ ಟೊಪಲೊವ್ ಇದನ್ನೇ ಕ್ರಾಮ್ನಿಕ್ ಮೇಲೆ ಪ್ರಯೋಗಿಸಿ ಡ್ರಾ ಮಾಡಿಕೊಂಡರು.

ಇದರ ಹೆಸರು ಕೊಕ್ರೇನ್ ಗ್ಯಾಂಬಿಟ್. ಜಾನ್ ಕೊಕ್ರೇನ್ ಕಲ್ಕತ್ತಾದಲ್ಲಿ ವಕೀಲಿ ಮಾಡುತ್ತಿದ್ದ ಸ್ಕಾಟಿಷ್ ಬ್ಯಾರಿಸ್ಟರ್. 1848ರಲ್ಲಿ ಅವರು ಇದನ್ನು ಆಡಿದ್ದು ಮೊಹೇಶ್‌ಚಂದ್ರ ಬ್ಯಾನರ್ಜಿ ಎಂಬ ಬಂಗಾಳಿಯ ಎದುರು. ಬ್ಯಾನರ್ಜಿ ದೇಶಿ ಚದುರಂಗದಲ್ಲಿ ಪಳಗಿದವರು. ಅಲ್ಲಿ ಕಾಲಾಳಿಗೆ ಮೊದಲ ನಡೆಯಲ್ಲೂ ಒಂದೇ ಮನೆ (ಊರಲ್ಲಿ ಅಜ್ಜಂದಿರ ಜೊತೆ ಆಡಿದವರಿಗೆ ಗೊತ್ತಿರುತ್ತದೆ). ಹಾಗಾಗಿ ನಡುಮನೆಗಳಿಗೆ ನುಗ್ಗದೆ, ಒಂಟೆಯನ್ನು ಉದ್ದನೆಯ ಓರೆಸಾಲಿನ ತುದಿಯಲ್ಲಿಟ್ಟು ದೂರದಿಂದ ಕಾಯುವುದು ಅವರ ರೂಢಿ. ಯುರೋಪಿನವರು ಆ ಶೈಲಿಗೆ 'ಇಂಡಿಯನ್ ಡಿಫೆನ್ಸ್' ಎಂದು ಹೆಸರಿಟ್ಟರು.

ಬಲಿಗೆ ವಕೀಲರ ಹೆಸರು, ರಕ್ಷಣೆಗೆ ಇಡೀ ದೇಶದ ಹೆಸರು. ಎರಡರಲ್ಲೂ ಬ್ಯಾನರ್ಜಿ ಇಲ್ಲ. ಇದನ್ನು ಗೌರವ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅವರ ಆಟಗಳು ಉಳಿದಿವೆ, ಹುಡುಕಿ ನೋಡಬಹುದು. ಹೆಸರನ್ನು ಮಾತ್ರ 'ಮೊಹಿಶುಂದರ್' ಎಂದು ಕೆಡಿಸಿಯೂ ಹುಡುಕಬೇಕು.